ಮೂರಕ್ಕೆ ನಾಲ್ಕು, ಮೇಲೊಂದು

ನಮಸ್ಕಾರ, ಕಲಬುರಗಿಯಿಂದ. ದತ್ತಾಂಶವನ್ನು ಸರಳ ಅಕ್ಷರಗಳಾಗಿ ಬದಲಿಸುವ ಬೇಸ್-64 ಬಳಸುವಾಗ ಒಂದು ಬೈಟ್ ಹೆಚ್ಚು ಜಾಗ ಇಡಿ ಎಂದು ಹೋದ ವಾರದ ವಿಡಿಯೊದಲ್ಲಿ ಹೇಳಿದ್ದೆ. ಅದನ್ನು ನೋಡಿ ಒಬ್ಬರು ಬರೆದಿದ್ದಾರೆ: ‘ಒಂದು ಬೈಟ್‌ಗೆ ಇಷ್ಟು ರಂಪವೇಕೆ ಸರ್? ಈಗ ಮೊಬೈಲ್‌ನಲ್ಲೇ 8 ಜಿಬಿ ಮೆಮೊರಿ ಇದೆ.’ ಎರಡು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ತಮ್ಮಾ, 8 ಜಿಬಿ ಇರುವುದು ಮೊಬೈಲಿಗೆ. ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಮ್ಯಾಲಾಕ್‌ನಲ್ಲಿ ನೀನು ಕೇಳಿ ಪಡೆದದ್ದು 24 ಬೈಟ್. ಇಪ್ಪತ್ತೈದನೆಯದು ನಿನ್ನದಲ್ಲ.

ಲೆಕ್ಕ ನೋಡಿ. ಬೇಸ್-64 ಮೂರು ಬೈಟ್ ನುಂಗಿ ನಾಲ್ಕು ಅಕ್ಷರ ಕೊಡುತ್ತದೆ. ಎಲ್ಲ ಲಿಪಿಗಳ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ನಮ್ಮ ‘ಕ’ ಸರಿಯಾಗಿ ಮೂರು ಬೈಟ್. ಹೊರಬರುವುದು ನಾಲ್ಕರ ಅಂಕಿ, ಎಲ್, ಕೆ, ವಿ. ಕಾಗುಣಿತದ ಚಿಹ್ನೆಗೂ ಮೂರೇ. ಹಾಗಾಗಿ ಬರೀ ಕನ್ನಡ ಪದವಾದರೆ ಮೂರರ ಗುಂಪಿಗೆ ಬೈಟ್ ಸಾಲದಾಗ ಮಾಡುವಂತೆ ಕೊನೆಗೆ ಸಮಚಿಹ್ನೆ (=) ಅಂಟಿಸುವ ಗೋಜೂ ಇಲ್ಲ. ಎಷ್ಟು ಚೆಂದ! ಆದರೆ ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಬೇಸ್-64 ಮಾಡುವ ಫಂಕ್ಷನ್ ಇವಿಪಿ ಎನ್‌ಕೋಡ್‌ಬ್ಲಾಕ್ ಆ ಅಕ್ಷರಗಳ ಬೆನ್ನಿಗೆ ಪಠ್ಯ ಇಲ್ಲಿಗೆ ಮುಗಿಯಿತೆಂದು ಹೇಳುವ ಒಂದು ಶೂನ್ಯ ಬೈಟನ್ನೂ ಬರೆಯುತ್ತದೆ. ಮರಳಿಸುವ ಉದ್ದದಲ್ಲಿ ಅದನ್ನು ಎಣಿಸುವುದಿಲ್ಲ. ಅದಕ್ಕೆ ಜಾಗ ಇಡಬೇಕಾದವರು ನಾವು.

ನನ್ನ ಬಳಿ ಕಲಿಯುವ ಹುಡುಗನೊಬ್ಬ ತೊಗರಿ ತೂಕದ ಚೀಟಿಗೆ ಪ್ರೋಗ್ರಾಮ್ ಬರೆದ. ಊರಿನ ಹೆಸರು ‘ಆಳಂದ’: 12 ಬೈಟ್, 16 ಅಕ್ಷರ. ನಡೆಯಿತು. 16 ಕೇಳಿದರೂ ಅವನ 64-ಬಿಟ್ ಲಿನಕ್ಸ್ 24 ಕೊಟ್ಟಿತ್ತು, ಅದಕ್ಕೆ. ಆಮೇಲೆ ‘ಶಹಾಬಾದ’ ಬಂತು: 18 ಬೈಟ್, 24 ಅಕ್ಷರ. ಕೇಳಿದ್ದೂ 24, ಸಿಕ್ಕಿದ್ದೂ 24. ಶೂನ್ಯ ಬೈಟ್ ಹೋಗಿ ಪಕ್ಕದ ಮೆಮೊರಿ ತುಂಡಿನ ಅಳತೆ ಬರೆದಿಟ್ಟ ಜಾಗದ ಮೇಲೆ ಕೂತಿತು. ಆ ತುಂಡನ್ನು ಫ್ರೀ ಮಾಡುವಾಗ, ಅಂದರೆ ಹಿಂದಿರುಗಿಸುವಾಗ, ಪ್ರೋಗ್ರಾಮ್ ಸತ್ತಿತು. ಹುಡುಗ ರಾತ್ರಿಯಿಡೀ ಫ್ರೀ ಇದ್ದ ಸಾಲನ್ನೇ ದಿಟ್ಟಿಸುತ್ತ ಕುಳಿತಿದ್ದ. ತಪ್ಪು ಅಲ್ಲಿರಲೇ ಇಲ್ಲ!

ಅಂದ ಹಾಗೆ, ಅದೇ ಲೈಬ್ರರಿಯ ಮೆಮೊರಿಯಲ್ಲೇ ಪಠ್ಯ ಕೂಡಿಡುವ ‘ಮೆಮೊರಿ ಬಿಐಒ’ದಿಂದ ಪಠ್ಯ ತೆಗೆದರೆ ಕೊನೆಗೆ ಶೂನ್ಯ ಬೈಟ್ ಇರುತ್ತದೆಂದು ನಂಬಬೇಡಿ. ಅಲ್ಲಿ ನೀವೇ ಹಾಕಬೇಕು. ಅಲ್ಲಿಯೂ ಅದೇ ಒಂದು ಬೈಟ್!

‘ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ’ ಎನ್ನುತ್ತೀರಿ. ಆಳಂದವೂ ಓಡಿತ್ತು. ‘ಪೈಥಾನ್ ಬಳಸಿ’ ಎನ್ನುತ್ತೀರಿ. ಅದರ ಒಳಗೆ ಈ ಕೆಲಸ ಮಾಡುವುದೂ ಸಿ ಕೋಡೇ. ಅಲ್ಲಿ ಯಾರೋ ಜಾಗದ ಲೆಕ್ಕ ಹಾಕಿದ್ದಾರೆ, ಅದಕ್ಕೇ ನಿಮಗೆ ನಿದ್ದೆ ಬರುತ್ತಿದೆ. ಮೂರಕ್ಕೆ ನಾಲ್ಕು, ಮೇಲೊಂದು. ಮೇಲೊಂದು! ಎಷ್ಟು ಸಲ ಹೇಳಲಿ?

ಚಾನೆಲ್‌ಗೆ ಚಂದಾದಾರರಾಗಿ. ಭಾನುವಾರ ಬೆಳಿಗ್ಗೆ ಇದೇ ಕೋಡನ್ನು ಸಾಲು ಸಾಲಾಗಿ ಬರೆದು ತೋರಿಸುತ್ತೇನೆ. 8 ಜಿಬಿಯವರೇ, ನೀವೂ ಬನ್ನಿ.