ಕುಂಚದ ತುದಿಯಲ್ಲಿ ಒಂದು ಮುಂಗುಸಿ

ಎಲ್ಲರಿಗೂ ನಮಸ್ಕಾರ.

ತುಪ್ಪಳದ ಬಟ್ಟೆ ಬೇಡ ಎಂದು ಮಂಗಳೂರಿನಲ್ಲಿ ನಿಂತು ಹೇಳುವುದು ಸುಲಭ. ಈ ಸೆಕೆಯಲ್ಲಿ ಹತ್ತಿ ಅಂಗಿಯೇ ಬೆನ್ನಿಗೆ ಅಂಟುತ್ತದೆ, ತುಪ್ಪಳದ ಕೋಟು ಯಾರಿಗೆ ಬೇಕು ಅಲ್ವಾ? ಆದರೂ ಚಿತ್ರಕಲೆ ಕಲಿಯುವ ನಿಮ್ಮ ಮುಂದೆಯೇ ಈ ಮಾತು ಆಡಬೇಕು ಅನ್ನಿಸಿತು. ಏಕೆಂದರೆ ಪ್ರಾಣಿಯ ಕೂದಲು ನಿಮ್ಮ ಚೀಲದಲ್ಲೂ ಇರಬಹುದು.

ನಿಮ್ಮ ವಯಸ್ಸಿನಲ್ಲಿ ನನ್ನ ಹತ್ತಿರ ಒಂದು ಕುಂಚ ಇತ್ತು. ಜಲವರ್ಣಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನಂಬಿದ್ದೆ. ನೀರು ಹಿಡಿಯುತ್ತಿತ್ತು, ತುದಿ ಸೂಜಿಯಂತೆ ಕೂಡುತ್ತಿತ್ತು. ಅದು ಯಾವ ಕೂದಲು ಅಂತ ಅಂಗಡಿಯಲ್ಲಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ಮುಂಗುಸಿಯದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ನಮ್ಮ ಮನೆಯ ತೆಂಗಿನ ತೋಟದಲ್ಲಿ ಬೆಳಗ್ಗೆ ಬಾಲ ನೆಟ್ಟಗೆ ಮಾಡಿಕೊಂಡು ಓಡುತ್ತದಲ್ಲ, ಅದೇ ಮುಂಗುಸಿ. ಆ ದಿನ ಕುಂಚ ಕೈಯಲ್ಲಿ ಹಿಡಿಯಲು ಆಗಲಿಲ್ಲ.

ಮುಂಗುಸಿಯ ಕೂದಲನ್ನು ಕುರಿಯ ಉಣ್ಣೆಯಂತೆ ಕತ್ತರಿಸಿಕೊಂಡು ಬಿಟ್ಟುಬಿಡುವುದಿಲ್ಲ. ಉರುಳು, ಬಲೆ ಹಾಕಿ ಹಿಡಿಯುತ್ತಾರೆ, ಹೊಡೆದು ಕೊಲ್ಲುತ್ತಾರೆ, ಆಮೇಲೆ ಕೂದಲು ಕೀಳುತ್ತಾರೆ. ಒಂದು ಕಿಲೋ ಕೂದಲಿಗೆ ಸುಮಾರು 50 ಮುಂಗುಸಿ ಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದು ಅಪರಾಧ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹಾರಿಸುವುದು ಮಾತ್ರ ಅಲ್ಲ, ಉರುಳು ಹಾಕುವುದೂ ಬೇಟೆಯೇ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 'ಆಪರೇಷನ್ ಕ್ಲೀನ್ ಆರ್ಟ್' ಹೆಸರಿನಲ್ಲಿ ದೇಶದ ಹಲವು ಕಡೆ ಕುಂಚದ ಕಾರ್ಖಾನೆಗಳ ಮೇಲೆ ದಾಳಿ ಮಾಡಿತು. ಉತ್ತರ ಪ್ರದೇಶದ ಶೇರ್‌ಕೋಟ್ ಈ ಕುಂಚಗಳಿಗೆ ಹೆಸರಾದ ಊರು.

ಹೊರದೇಶದ ತುಪ್ಪಳದ ಕಥೆಯೂ ಇದೇ, ದುಡ್ಡು ಮಾತ್ರ ಜಾಸ್ತಿ. ಅಲ್ಲಿ ನರಿಗಳಿಗೆ, ತೋಳದ ಜಾತಿಯ ಕೊಯೋಟಿಗಳಿಗೆ ಕಬ್ಬಿಣದ ದವಡೆಯಂಥ ಸಾಧನ ಇಡುತ್ತಾರೆ. ಕಾಲಿಟ್ಟರೆ ಟಪ್ ಅಂತ ಕಚ್ಚುತ್ತದೆ. ಬಿಡಿಸಿಕೊಳ್ಳಲು ತನ್ನ ಕಾಲನ್ನೇ ಕಡಿದುಕೊಂಡ ಪ್ರಾಣಿಗಳಿವೆ. ಯುರೋಪ್ ಒಕ್ಕೂಟ ಅದನ್ನು 1995ರಿಂದ ನಿಷೇಧಿಸಿದೆ, ಅಮೆರಿಕದ ಹಲವು ರಾಜ್ಯಗಳಲ್ಲಿ ಇನ್ನೂ ನಡೆಯುತ್ತದೆ. ತುಪ್ಪಳಕ್ಕಾಗಿಯೇ ಸಾಕುವ ಮಿಂಕ್, ಚಿಂಚಿಲ್ಲಾ ಎಂಬ ಸಣ್ಣ ಪ್ರಾಣಿಗಳ ಮತ್ತು ನರಿಯ ಚರ್ಮದ ಆಮದನ್ನು ನಮ್ಮ ದೇಶ 2017ರಲ್ಲಿ ನಿಲ್ಲಿಸಿತು.

ಉರುಳಿಗೆ ಕಣ್ಣಿಲ್ಲ. ನಮ್ಮ ಕಡೆ ಕಾಡುಹಂದಿಗೆ ಅಂತ ಬೈಕಿನ ಕೇಬಲ್‌ನಲ್ಲಿ ಉರುಳು ಮಾಡಿ ಬೇಲಿಗೆ ಕಟ್ಟುತ್ತಾರೆ. ಅದಕ್ಕೆ ಬೀಳುವುದು ಚಿರತೆ. ಸೊಂಟಕ್ಕೆ ಸಿಕ್ಕಿಕೊಂಡ ಚಿರತೆ ಒದ್ದಾಡಿದಷ್ಟೂ ಕೇಬಲ್ ಬಿಗಿಯುತ್ತದೆ. ಗದ್ದೆ ಹಾಳಾದವರ ಸಂಕಟ ನನಗೆ ಅರ್ಥವಾಗುತ್ತದೆ, ಒಂದೇ ರಾತ್ರಿಯಲ್ಲಿ ಹಂದಿಗಳು ಬೆಳೆ ಬುಡಮೇಲು ಮಾಡುತ್ತವೆ. ಅದಕ್ಕೆ ಸೋಲಾರ್ ಬೇಲಿ ಇದೆ, ಅರಣ್ಯ ಇಲಾಖೆಯ ಪರಿಹಾರ ಇದೆ. ಪರಿಹಾರದ ದುಡ್ಡು ಬೇಗ ಕೈಗೆ ಸಿಗಬೇಕು ಅಂತ ರೈತರ ಜೊತೆ ನಾವೂ ದನಿ ಎತ್ತಬೇಕು. ಉರುಳು ಮಾತ್ರ ಬೇಡ.

ಹಳೆಯ ಪದ್ಧತಿ ಬಿಡುವುದು ಆಗದ ಮಾತು ಅನ್ನುವವರಿಗೆ ನಾನು ಟಿಬೆಟನ್ನರ ಉದಾಹರಣೆ ಕೊಡುತ್ತೇನೆ. ಹುಲಿ, ಚಿರತೆ, ನೀರುನಾಯಿಯ ಚರ್ಮ ಹೊಲಿದ ಉಡುಪು ಅವರಿಗೆ ಹಬ್ಬದ ಗೌರವವಾಗಿತ್ತು. 2006ರಲ್ಲಿ ದಲೈ ಲಾಮಾ ಬೇಡ ಎಂದರು. ಜನ ಬೆಲೆಬಾಳುವ ಆ ಚರ್ಮಗಳನ್ನು ತಾವೇ ರಾಶಿ ಹಾಕಿ ಸುಟ್ಟರು.

ನಮ್ಮಲ್ಲೂ ನೋಡಿ. ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಪಿಲಿವೇಷಕ್ಕೆ, ಅಂದರೆ ಹುಲಿವೇಷಕ್ಕೆ, ಹುಲಿಯ ಚರ್ಮ ಬೇಕಾಗಿಲ್ಲ. ಹುಡುಗನ ಮೈಯೇ ಚರ್ಮ, ಹಳದಿ ಕಪ್ಪು ಬಣ್ಣವೇ ಹುಲಿ. ಆ ಪಟ್ಟೆಗಳನ್ನು ಬರೆಯುವವರು ನಿಮ್ಮಂಥ ಕಲಾವಿದರು.

ಈಗ ನಿಮ್ಮ ಕುಂಚಗಳನ್ನು ಹೊರಗೆ ತೆಗೆಯಿರಿ. ಮೇಜಿನ ಮೇಲೆ ಭೂತಗನ್ನಡಿ ಇಟ್ಟಿದ್ದೇನೆ. ತುದಿ ಕಡು ಕಂದು, ನಡುವೆ ಕೆನೆ ಬಣ್ಣ, ಬುಡದಲ್ಲಿ ಮತ್ತೆ ಕಂದು, ಹೀಗೆ ಪಟ್ಟೆ ಇರುವ ಕೂದಲು ಕಂಡರೆ ಅದು ಮುಂಗುಸಿಯದು ಅಂತ ಅನುಮಾನಪಡಬೇಕು. ನೈಲಾನ್ ಕುಂಚದಲ್ಲಿ ಹಾಗೆ ಕಾಣುವುದಿಲ್ಲ. ಸಿಕ್ಕಿದರೆ ಹೆದರಬೇಡಿ, ಯಾರೂ ನಿಮ್ಮನ್ನು ಬೈಯುವುದಿಲ್ಲ. ಎಲ್ಲ ಒಟ್ಟಿಗೆ ಸೇರಿಸಿ ಅರಣ್ಯ ಇಲಾಖೆಗೆ ಕೊಟ್ಟು ಬರೋಣ, ನಾನೂ ಬರುತ್ತೇನೆ. ಮುಂದಿನ ಸಾಲಿನವರು ಮೊದಲು ಬನ್ನಿ.