ಸಾಯುವವರು ಹಾಡ್ತಾರಾ? ಆಟಿ ಮಳೆಯಲ್ಲಿ ಒಂದು ಸಿನಿಮಾ ಜಗಳ

ನಮಸ್ಕಾರ. ನೀವೀಗ ನೋಡುತ್ತಿರುವುದು ನಮ್ಮ ಮನೆಯ ಅಂಗಳ. ಮಳೆ ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂತ ನನಗೂ ಗೊತ್ತು. ಎಡಗಡೆ ಮಸುಕಾಗಿ ನಿಂತಿರುವುದು ಚಿಕ್ಕಪ್ಪನ ಜೀಪು.

ಇದನ್ನು ತೆಗೆದದ್ದು ಆಗಸ್ಟ್ 3ರಂದು. ನಮಗೆ ಅದು ಮಳೆಗಾಲದ ಆಟಿ ತಿಂಗಳ 18. ಪಕ್ಕದ ಕೊಡವರ ಮನೆಯವರಿಗೆ ಕಕ್ಕಡ 18. ಒಲೆಯ ಮೇಲೆ ಕುದಿಯುತ್ತಿರುವುದು ಮದ್ದು ಸೊಪ್ಪು. ಈ ದಿನ ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ನೇರಳೆ ಬಣ್ಣದ ಆ ನೀರಿನಲ್ಲೇ ಪಾಯಸ. ತೋಟದ ಕೆಲಸ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ, ಮನೆ ತುಂಬ ನೆಂಟರು. ಇನ್ನೇನು ಮಾಡೋದು? ಸಿನಿಮಾ ಹಾಕಿದೆ.

ಹಾಕಿದ್ದು 'ಲೇ ಮಿಸೆರಾಬ್ಲ್'. 2012ರ ಇಂಗ್ಲಿಷ್ ಸಿನಿಮಾ. ಶುರುವಾಗಿ ಸ್ವಲ್ಪ ಹೊತ್ತಿಗೇ ಚಿಕ್ಕಪ್ಪ ಕುರ್ಚಿಯಲ್ಲಿ ಹೊರಳಾಡತೊಡಗಿದರು.

"ಇದೇನು ಮಗಾ, ಇವರು ಮಾತೇ ಆಡೋದಿಲ್ವಾ?"

"ಮಾತೆಲ್ಲ ಹಾಡಿನಲ್ಲೇ, ಚಿಕ್ಕಪ್ಪ."

"ಬೈಯೋದೂ ಹಾಡಲ್ಲೇ, ಬೇಡೋದೂ ಹಾಡಲ್ಲೇ. ಸಾಯೋವಾಗಲೂ ಹಾಡ್ತಾರಾ?"

"ಹಾಡ್ತಾರೆ."

ಚಿಕ್ಕಪ್ಪ ಸೈನ್ಯದಲ್ಲಿದ್ದು ಬಂದವರು. "ಸಾಯೋನು ನೀರು ಕೇಳ್ತಾನೆ. ಇಲ್ಲಾ ಅಮ್ಮನ್ನ ಕರೀತಾನೆ. ರಾಗ ಎಳೆಯೋನನ್ನ ನಾನಂತೂ ನೋಡಿಲ್ಲ" ಅಂದರು. ಇದಕ್ಕೆ ಏನು ಹೇಳೋದು ಹೇಳಿ? ಅಷ್ಟರಲ್ಲಿ ಕರೆಂಟೂ ಹೋಯಿತು. ಆಟಿಯಲ್ಲಿ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ. ಆದರೆ ಹೋದದ್ದು ಫ್ಯಾಂಟೀನ್ ಹಾಡಲು ಬಾಯಿ ತೆರೆಯುವ ಹೊತ್ತಿಗೆ. ಅವತ್ತು ಸಂಜೆ ಕತ್ತಲಲ್ಲಿ ಕೂತು ನಾನು ಚಿಕ್ಕಪ್ಪನ ಜೊತೆ ವಾದ ಮಾಡಿದೆ. ಈ ವಿಡಿಯೋದಲ್ಲಿರುವುದು ಅದೇ, ಆಮೇಲೆ ಹೊಳೆದ ಒಂದಿಷ್ಟು ಸೇರಿಸಿ.

ಮೊದಲು ಆ ಫ್ಯಾಂಟೀನ್ ದೃಶ್ಯ. ವಿಕ್ಟರ್ ಹ್ಯೂಗೋ ಕಾದಂಬರಿ ಬಂದದ್ದು 1862ರಲ್ಲಿ. ಅದನ್ನು ಹಾಡುಗಳ ನಾಟಕ ಮಾಡಿ ಪ್ಯಾರಿಸ್‌ನಲ್ಲಿ ಆಡಿದ್ದು 1980ರಲ್ಲಿ. ಲಂಡನ್ನಿಗೆ ಬಂದದ್ದು 1985ರಲ್ಲಿ. ಅಲ್ಲಿನ ವಿಮರ್ಶಕರು ಹಲವರು ಬೈದು ಬರೆದರು, ಜನ ಮಾತ್ರ ಸಾಲು ನಿಂತು ಟಿಕೆಟ್ ತಗೊಂಡರು. ಫ್ಯಾಂಟೀನ್ ಕಾರ್ಖಾನೆಯಲ್ಲಿ ದುಡಿಯುವವಳು. ಕೆಲಸ ಹೋಗುತ್ತದೆ. ದೂರದಲ್ಲಿ ಬಿಟ್ಟಿರುವ ಮಗಳಿಗೆ ದುಡ್ಡು ಕಳಿಸಬೇಕು. ಕೂದಲು ಮಾರುತ್ತಾಳೆ, ಹಲ್ಲು ಮಾರುತ್ತಾಳೆ, ಕೊನೆಗೆ ತನ್ನನ್ನೇ ಮಾರಿಕೊಳ್ಳುತ್ತಾಳೆ. ಆಮೇಲೆ ಒಂದು ಹಾಡು.

ಸಾಮಾನ್ಯವಾಗಿ ಸಿನಿಮಾ ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ, ನಟರು ತುಟಿ ಆಡಿಸುತ್ತಾರೆ. ಇಲ್ಲಿ ನಿರ್ದೇಶಕ ಟಾಮ್ ಹೂಪರ್ ಹಾಗೆ ಮಾಡಲಿಲ್ಲ. ನಟರು ಕ್ಯಾಮೆರಾ ಮುಂದೆಯೇ ಹಾಡಿದರು. ಕಿವಿಯಲ್ಲಿ ಚಿಕ್ಕ ಯಂತ್ರ, ಅದರಲ್ಲಿ ಪಿಯಾನೋ ಮಾತ್ರ. ದೊಡ್ಡ ವಾದ್ಯಮೇಳ ಸೇರಿಸಿದ್ದು ಆಮೇಲೆ. ಹಾಗಾಗಿ ಆನ್ ಹ್ಯಾಥವೇಗೆ ತಾಳಕ್ಕೆ ಓಡುವ ಹಂಗಿಲ್ಲ. ಉಸಿರು ಸಿಕ್ಕಿಕೊಂಡರೆ ಹಾಡೂ ಅಲ್ಲೇ ನಿಲ್ಲುತ್ತದೆ. ಕತ್ತರಿಸಿದ ಕೂದಲು ಅವರದೇ. ಕ್ಯಾಮೆರಾ ಮುಖ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಬರದಿದ್ದರೆ ನಾನೇ ಏನಾದರೂ ಕೊಡುತ್ತಿದ್ದೆ. ಇಡೀ ಸಿನಿಮಾ ಅಷ್ಟು ಚೆನ್ನಾಗಿದೆ ಅಂತಲ್ಲ. ಪೊಲೀಸ್ ಅಧಿಕಾರಿಯ ಹಾಡುಗಳು ನನಗೆ ಕಷ್ಟ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಒಂದು ಹಾಡು!

ನನ್ನ ತಕರಾರು ಇರುವುದು ಬೇರೆ ಕಡೆ. ಈಗಿನ ಎಷ್ಟೋ ಸಿನಿಮಾಗಳಲ್ಲಿ ಅಳುವ ಕೆಲಸವನ್ನು ಪಿಟೀಲಿಗೆ ವಹಿಸಿರುತ್ತಾರೆ. ಆಸ್ಪತ್ರೆ ಬಾಗಿಲು ತೆರೆಯುವ ಮೊದಲೇ ಪಿಟೀಲು ಶುರು. ನಟನ ಮುಖದಲ್ಲಿ ಇನ್ನೂ ಏನೂ ಇಲ್ಲ, ಹಿಂದಿನಿಂದ ಯಾರೋ 'ಈಗ ಅಳಿ' ಅಂತ ಬೆನ್ನಿಗೆ ತಿವಿದ ಹಾಗೆ. ಆಗ ನನಗೆ ಬರೋದು ಅಳು ಅಲ್ಲ, ಸಿಟ್ಟು. ಪಾತ್ರದ ಬಾಯಿಂದಲೇ ಹಾಡು ಬಂದರೆ ಮಾತು ಬೇರೆ. ಅಲ್ಲಿ ತಿವಿಯುವವರು ಯಾರೂ ಇಲ್ಲ. ಅವಳಿಗೆ ಹೇಳದೆ ಇರಲು ಆಗುತ್ತಿಲ್ಲ, ಬರೀ ಮಾತು ಸಾಲುತ್ತಿಲ್ಲ, ಅಷ್ಟೇ.

ಹಾಡಿಲ್ಲದೆ ಅಳಿಸೋಕೆ ಆಗಲ್ವಾ ಅಂದರೆ, ಆಗುತ್ತದೆ. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ನೋಡಿ. ತೇಜಸ್ವಿಯವರ ಕತೆ, ಚಾರುಹಾಸನ್ ನಟನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ತಬರನ ಪಿಂಚಣಿ ಕಚೇರಿಯಲ್ಲಿ ಕೊಳೆಯುತ್ತಿದೆ. ಕೊನೆಗೆ ಅವನು ಕಾಲು ಕತ್ತರಿಸಿಕೊಡಿ ಅಂತ ಕಟುಕನ ಹತ್ತಿರ ಹೋಗುತ್ತಾನೆ. ಆ ದೃಶ್ಯದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲಾರೆ. ಎರಡನೇ ಸಲ ನೋಡುವ ಧೈರ್ಯ ನನಗೆ ಬಂದಿಲ್ಲ.

ಈಗ ನಮ್ಮೂರಿಗೆ ಬರೋಣ. ಇದು ಮಡಿಕೇರಿಯಲ್ಲಿ ಕಣಿವೆ ನೋಡುವ ಜಾಗ ರಾಜಾಸೀಟಿನಿಂದ ತೆಗೆದ ಶಾಟ್. ಕಣಿವೆ ಇದೆ, ನಂಬಿ. ಪುಟ್ಟಣ್ಣ ಕಣಗಾಲರ 'ಶರಪಂಜರ', 1971. ಅದರಲ್ಲಿ ಕೊಡಗಿನ ಕಾವೇರಿಯನ್ನು ಹೊಗಳುವ ಖುಷಿಯ ಹಾಡೊಂದಿದೆ. ನಮ್ಮಲ್ಲಿ ಮದುವೆ ವಾದ್ಯದವರಿಗೂ ಗೊತ್ತಿರುವ ಹಾಡು. ಚಿಕ್ಕವಳಿದ್ದಾಗ ನಾನು ಆ ಹಾಡಿನ ಸಿನಿಮಾ ಅಂದರೆ ಸಂತೋಷದ ಕತೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಪೂರ್ತಿ ನೋಡಿದೆ.

ಕಲ್ಪನಾ ಮಾಡಿದ ಪಾತ್ರದ ಹೆಸರೂ ಕಾವೇರಿ. ಹೆರಿಗೆಯ ನಂತರ ಅವಳ ಮನಸ್ಸಿನ ಆರೋಗ್ಯ ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳು ವಾಸಿಯಾಗಿದ್ದಾಳೆ, ಮನೆಯವರು ಆಗಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಅವಳನ್ನು ಮತ್ತೆ ಹುಚ್ಚಿಯಾಗಿ ಮಾಡಿಯೇ ಸುತ್ತಲಿನವರು ಸಮಾಧಾನಪಡುತ್ತಾರೆ. ಕಾದಂಬರಿ ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಸಿನಿಮಾ ನೋಡಲು ಅವರೇ ಇರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು. ಕೊನೆಯಲ್ಲಿ ಕಲ್ಪನಾ ಮುಖ ನೋಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಖುಷಿಯ ಹಾಡು. ಅಲ್ಲಿ ಅದನ್ನು ಯಾರೂ ನುಡಿಸುತ್ತಿಲ್ಲ. ಆದರೂ ಕೇಳುತ್ತಿತ್ತು. ಈಗ ಮದುವೆಯಲ್ಲಿ ಅದನ್ನು ನುಡಿಸಿದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಪಕ್ಕದಲ್ಲಿ ಎಲ್ಲರೂ ಕುಣಿಯುತ್ತಿರುತ್ತಾರೆ.

'ಮುಂಗಾರು ಮಳೆ' ಬಗ್ಗೆ ಹೇಳದಿದ್ದರೆ ಮಡಿಕೇರಿಯವರು ನನ್ನನ್ನು ಬಿಡೋದಿಲ್ಲ. ಚುಟುಕಾಗಿ ಹೇಳ್ತೀನಿ. ಅದು ಬಂದದ್ದು 2006ರ ಡಿಸೆಂಬರ್ 29ಕ್ಕೆ. ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಹುಡುಗ ಹುಡುಗಿ ದೂರ ಆದಾಗ ನಮ್ಮ ಸಾಲಿನಲ್ಲಿ ಯಾರೂ ಅಳಲಿಲ್ಲ. ದೇವದಾಸ ಅನ್ನೋ ಮೊಲ ಸತ್ತಿತು ನೋಡಿ, ಅತ್ತೆಯಂದಿರ ಸೆರಗೆಲ್ಲ ಒದ್ದೆ. ಚಿಕ್ಕಪ್ಪ ಮಾತ್ರ ಕುರ್ಚಿಯಲ್ಲಿರಲಿಲ್ಲ. "ಆಮೇಲೆ ರಶ್ ಆಗುತ್ತೆ, ಜೀಪ್ ತೆಗೀತೀನಿ" ಅಂತ ಎದ್ದು ಹೋಗಿದ್ದರು.

ನಮ್ಮ ಕಡೆ ಗಂಡಸರು ಮನುಷ್ಯರಿಗಾಗಿ ಅಳೋದು ಕಮ್ಮಿ, ಮೊಲಕ್ಕೆ, ನಾಯಿಗೆ ಅಳುತ್ತಾರೆ ಅನ್ನುವುದು ನನ್ನ ಸಂಶಯ. ನಾಯಿ ಅಂದ ಕೂಡಲೇ ಮೈಸೂರು ನೆನಪಾಗುತ್ತದೆ. 2010ರಲ್ಲಿ ಅಲ್ಲಿನ ರಂಗಾಯಣದಲ್ಲಿ 'ಮಲೆಗಳಲ್ಲಿ ಮದುಮಗಳು' ಆಡಿದರು. ಕುವೆಂಪು ಅವರ 1967ರ ಕಾದಂಬರಿ. ರಂಗರೂಪ ಕೆ.ವೈ. ನಾರಾಯಣಸ್ವಾಮಿ, ನಿರ್ದೇಶನ ಸಿ. ಬಸವಲಿಂಗಯ್ಯ, ಸಂಗೀತ ಹಂಸಲೇಖ. ಸುಮಾರು ಒಂಬತ್ತು ತಾಸು, ರಾತ್ರಿಯಿಡೀ. ಚಾಪೆ, ಕಂಬಳಿ ಹೊತ್ತುಕೊಂಡು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ನಾನಾಗ ಮೈಸೂರಿನಲ್ಲಿ ಓದುತ್ತಿದ್ದೆ. ಹಾಸ್ಟೆಲ್‌ನಲ್ಲಿ ಏನೋ ಸುಳ್ಳು ಹೇಳಿ ಹೋಗಿದ್ದೆ.

ಗುತ್ತಿ, ತಿಮ್ಮಿ, ಅವರ ನಾಯಿ ಹುಲಿಯ. ಕಾದಂಬರಿ ಓದಿದವರಿಗೆ ಗೊತ್ತು, ಕೊನೆಯಲ್ಲಿ ತುಂಬಿದ ತುಂಗೆ ದಾಟುವಾಗ ಹುಲಿಯ ಹೊಳೆಯ ಪಾಲಾಗುತ್ತದೆ. ನನಗೂ ಗೊತ್ತಿತ್ತು. ಗೊತ್ತಿದ್ದು ಕಾಯುವುದು ಇನ್ನೂ ಕಷ್ಟ. ರಾತ್ರಿಯೆಲ್ಲ ಹಾಡು ಕೇಳಿ ಕೇಳಿ ನಿದ್ದೆಗೆಟ್ಟ ಮೈ ಮೆತ್ತಗಾಗಿರುತ್ತದೆ, ತಡೆದುಕೊಳ್ಳುವ ಶಕ್ತಿ ಹೋಗಿರುತ್ತದೆ. ಬೆಳಗಿನ ಜಾವ ಕಂಬಳಿ ಹೊದ್ದು ಅತ್ತದ್ದು ನಾನೊಬ್ಬಳೇ ಅಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿ ಅವರ ಕರ್ಚೀಫಿನ ಇನ್ನೊಂದು ತುದಿ ನನ್ನ ಕಡೆ ಚಾಚಿದರು.

ಇಷ್ಟೆಲ್ಲ ಹೇಳಿದರೂ ಚಿಕ್ಕಪ್ಪ ಜಗ್ಗಲಿಲ್ಲ. "ಅದು ನಾಟಕ. ನಿಜವಾಗಿ ಸಾವಾದ ಮನೇಲಿ ಯಾರು ಹಾಡ್ತಾರೆ?"

ಆಗ ಅಡುಗೆಮನೆಯಿಂದ ಚಿಕ್ಕಮ್ಮ ಒಂದು ಮಾತು ಹೇಳಿದರು. "ಪಕ್ಕದ ಐನ್‌ಮನೆ ಅಜ್ಜ ಹೋದಾಗ ನೀವೇ ಅಲ್ವಾ ಹೋಗಿ ನಿಂತಿದ್ದು?"

ಐನ್‌ಮನೆ ಅಂದರೆ ಕೊಡವ ಕುಟುಂಬದ ಮೂಲ ಮನೆ. ನನಗೂ ಆಗಲೇ ಹೊಳೆದದ್ದು. ಆ ದಿನ ಬೆಳಿಗ್ಗೆ ಕೋವಿ ಸದ್ದು ಕೇಳಿದಾಗಲೇ ಊರಿಗೆಲ್ಲ ಸಾವಿನ ಸುದ್ದಿ ತಿಳಿದಿತ್ತು. ಆಮೇಲೆ ಹಿರಿಯರು ಹೆಣದ ಪಕ್ಕ ನಿಂತು ಚಾವ್ ಪಾಟ್ ಹಾಡಿದರು. ಸತ್ತವರ ಬದುಕನ್ನು ಹಾಡಿನಲ್ಲಿ ಹೇಳುವುದು ಕೊಡವರಲ್ಲಿ ಹಳೆಯ ಪದ್ಧತಿ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಮದುವೆ ಹಾಡುಗಳ ಜೊತೆ ಸಾವಿನ ಹಾಡುಗಳೂ ಇವೆ. ಅದಕ್ಕೂ ಮೊದಲು, 1906ರಲ್ಲೇ, ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ಯಯಾತಿಯ ನಾಟಕ ಬರೆದಿದ್ದರು. ಅದರ ತುಂಬ ಹಾಡು. ಲಂಡನ್ನಿನ ಟಿಕೆಟ್ಟು ನಮಗೆ ಯಾಕೆ ಬೇಕು?

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಅಜ್ಜ ನನಗೆ ಈಜು ಕಲಿಸಿದ್ದು" ಅಂದರು. ಇನ್ನೇನೂ ಹೇಳಲಿಲ್ಲ. ಪಾಯಸ ತಿಂದೆವು. ನಾಲಿಗೆ ಎಲ್ಲರದ್ದೂ ನೇರಳೆ.

ಕರೆಂಟ್ ಬಂದದ್ದು ರಾತ್ರಿ ಒಂಬತ್ತಕ್ಕೆ. ಮಕ್ಕಳು ಮಲಗಿದ್ದರು. "ಹಾಕು, ಉಳಿದದ್ದನ್ನು ನೋಡಿಬಿಡೋಣ" ಅಂತ ಹೇಳಿದ್ದು ಬೇರೆ ಯಾರೂ ಅಲ್ಲ, ಚಿಕ್ಕಪ್ಪನೇ. ಫ್ಯಾಂಟೀನ್ ಹಾಡು ಮುಗಿದಾಗ ಏನೂ ಮಾತಿಲ್ಲ. ಪೊಲೀಸಿನವನು ಹಾಡುವಾಗ ಒಮ್ಮೆ ಆಕಳಿಸಿದರು, ಅದಕ್ಕೆ ನನ್ನದೂ ಒಪ್ಪಿಗೆ. ಕೊನೆಗೆ ಮುದುಕ ವಾಲ್ಜಾನ್ ಸಾಯುವ ದೃಶ್ಯ. ರೊಟ್ಟಿ ಕದ್ದದ್ದಕ್ಕೆ ಶುರುವಾಗಿ 19 ವರ್ಷ ಜೈಲಿನಲ್ಲಿ ಕಳೆದವನು. ಮೇಣದಬತ್ತಿಯ ಬೆಳಕು. ಸಾಕುಮಗಳು ಓಡಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವನು ಹಾಡುತ್ತಾನೆ, ಹೌದು, ಸಾಯುತ್ತಾ ಹಾಡುತ್ತಾನೆ.

ಕುರ್ಚಿ ಸರಿದ ಸದ್ದಾಯಿತು. "ಜೀಪಿನ ಗಾಜು ಏರಿಸಿದ್ದೀನಾ ನೋಡ್ತೀನಿ" ಅಂತ ಚಿಕ್ಕಪ್ಪ ಹೊರಗೆ ಹೋದರು.

ಜೀಪಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.