ಬೋಳಾದ ಕಕ್ಕೆ ಮರ ಸತ್ತಿರಲಿಲ್ಲ

ಕೇಳುಗರಿಗೆ ನಮಸ್ಕಾರ. ಪುಣೆಯ ಬಿಸಿಲು ಹೇಗಿದೆ ಅಂತ ನಾನು ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೇ ಸ್ಕೂಟರ್ ಸೀಟು ಮುಟ್ಟಲು ಆಗುವುದಿಲ್ಲ. 2019ರ ಏಪ್ರಿಲ್ ಕೊನೆಯಲ್ಲಂತೂ ಇಲ್ಲಿ 43 ಡಿಗ್ರಿ ಮುಟ್ಟಿತ್ತು. ನಾವು ಫ್ಯಾನ್ ಹಾಕಿಕೊಂಡು ಒಳಗೆ ಕೂರುತ್ತೇವೆ. ರಸ್ತೆ ಬದಿಯ ಮರ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಕಕ್ಕೆ ಮರದಿಂದ. ಕೋಥ್ರೂಡ್‌ನಲ್ಲಿ ನಾವಿರುವ ಸೊಸೈಟಿಯ ಗೇಟಿನ ಪಕ್ಕ ಅದಿತ್ತು. ಇಲ್ಲಿಯವರು ಬಹಾವಾ ಅನ್ನುತ್ತಾರೆ. ಎರಡು ವರ್ಷದ ಹಿಂದೆ ಮಾರ್ಚ್ ಮುಗಿಯುವ ಹೊತ್ತಿಗೆ ಅದರ ಎಲೆಯೆಲ್ಲ ಉದುರಿತು, ಉದ್ದನೆಯ ಕಪ್ಪು ಕಾಯಿಗಳಷ್ಟೇ ನೇತಾಡುತ್ತಿದ್ದವು. ಮೀಟಿಂಗಿನಲ್ಲಿ ಯಾರೋ "ಮರ ಒಣಗಿದೆ, ಕಾರಿನ ಮೇಲೆ ಬಿದ್ದೀತು" ಅಂದರು, ಉಳಿದವರು ಹೂಂ ಅಂದರು, ನಾನೂ ಸುಮ್ಮನಿದ್ದೆ. ಒಂದು ಭಾನುವಾರ ಗರಗಸ ಬಂತು. ಮಧ್ಯಾಹ್ನ ಹೋಗಿ ಕಡಿದ ಬುಡದ ಮೇಲೆ ಕೈಯಿಟ್ಟೆ. ಒದ್ದೆಯಾಗಿತ್ತು. ಬಿದ್ದಿದ್ದ ಟೊಂಗೆಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗುಗಳು ಕಟ್ಟಿದ್ದವು. ಇನ್ನು ಮೂರು ವಾರ ಬಿಟ್ಟಿದ್ದರೆ ಗೇಟಿನ ಮೇಲೆಲ್ಲ ಹಳದಿ ಗೊಂಚಲು ಇಳಿಬಿಡುತ್ತಿತ್ತು.

ಆ ಮರ ಸತ್ತಿರಲಿಲ್ಲ. ಬೇಸಿಗೆ ಕಳೆಯಲು ಎಲೆ ಉದುರಿಸಿಕೊಂಡು ನಿಂತಿತ್ತು, ಅಷ್ಟೇ. ಅದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಓದಿ, ನೋಡಿ ತಿಳಿದದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಎಲೆಗೆ ಇರುವುದು ಒಂದೇ ಬಾಗಿಲು. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ, ಪಾಠದ ಪುಸ್ತಕದಲ್ಲಿ ಪತ್ರರಂಧ್ರ ಅಂತ ಓದಿದ್ದೇವಲ್ಲ, ಅವೇ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಅಲ್ಲಿಂದ. ಅದು ಬಂದರೆ ಊಟ. ಆದರೆ ಅದೇ ತೂತಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರು 100 ಲೀಟರ್ ನೀರು ಹೀರಿದರೆ 95ಕ್ಕಿಂತ ಜಾಸ್ತಿ ಹೀಗೆ ಗಾಳಿಗೆ ಹೋಗುತ್ತದೆ. ನಂಬಿಕೆ ಬರದಿದ್ದರೆ ಬಿಸಿಲಲ್ಲಿರುವ ಒಂದು ಎಲೆಗೊಂಚಲಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿದು ಒಂದು ಗಂಟೆ ಬಿಟ್ಟು ನೋಡಿ. ಒಳಗೆಲ್ಲ ಹನಿ ಹನಿ.

ಹಾಗಂತ ಆ ನೀರು ಸುಮ್ನೆ ದಂಡವಾಗುವುದಿಲ್ಲ. ಮಡಕೆ ಬೆವರಿ ನೀರು ತಂಪಾಗುತ್ತದಲ್ವಾ, ಎಲೆಯೂ ಹಾಗೇ ತನ್ನನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಎರಡಕ್ಕೆ ಕಾರಿನ ಬಾನೆಟ್ ಮೇಲೆ ಬೆರಳಿಟ್ಟು, ಆಮೇಲೆ ಪಕ್ಕದ ಆಲದೆಲೆ ಮುಟ್ಟಿ. ಬಿದ್ದದ್ದು ಎರಡರ ಮೇಲೂ ಒಂದೇ ಬಿಸಿಲು.

ಈಗ ಎಲೆಯ ಸಂಕಟ ನೋಡಿ. ಮಣ್ಣಲ್ಲಿ ನೀರು ಕಡಿಮೆಯಾದರೆ ಬಾಗಿಲು ಮುಚ್ಚಬೇಕು. ಮುಚ್ಚಿದರೆ ಊಟ ನಿಲ್ಲುತ್ತದೆ, ಬೆವರು ನಿಲ್ಲುತ್ತದೆ, ಮೈ ಕಾಯುತ್ತದೆ, ಗಾಳಿಗಿಂತಲೂ ನಾಲ್ಕಾರು ಡಿಗ್ರಿ ಬಿಸಿಯಾಗಿಬಿಡಬಹುದು. ನಮ್ಮಂಥ ಬಿಸಿ ನಾಡಿನ ಮರಗಳ ಎಲೆ 46-47 ಡಿಗ್ರಿ ಮುಟ್ಟಿದರೆ ಊಟ ತಯಾರಿಸುವ ವ್ಯವಸ್ಥೆಯೇ ಕೆಡಲು ಶುರುವಾಗುತ್ತದೆ. ಮುಚ್ಚದೆ ಬಿಟ್ಟರೆ? ಕಾಂಡದೊಳಗೆ ಬೇರಿನಿಂದ ತುದಿಯವರೆಗೆ ನೀರು ಎಳೆದ ದಾರದಂತೆ ನಿಂತಿರುತ್ತದೆ. ಮೇಲಿನಿಂದ ಎಳೆತ ಜಾಸ್ತಿಯಾಗಿ ಕೆಳಗೆ ನೀರು ಸಾಲದಿದ್ದರೆ ಆ ದಾರ ತುಂಡಾಗಿ ನಡುವೆ ಗಾಳಿ ಹೊಕ್ಕುತ್ತದೆ. ಊರಲ್ಲಿ ಪಂಪಿಗೆ ಗಾಳಿ ಹಿಡಿದರೆ ಎಷ್ಟು ಒದ್ದಾಡಿದರೂ ನೀರು ಬರುವುದಿಲ್ಲ, ಗೊತ್ತಲ್ಲ. ಹಾಗೇ. ಒಣಗಿದ ವರ್ಷಗಳಲ್ಲಿ ಎಷ್ಟೋ ಮರಗಳು ಸಾಯುವುದು ಹೀಗೆ.

ಬಾಗಿಲು ಕಾಯುವವರು ಇಬ್ಬರು. ಒಂದೊಂದು ತೂತಿನ ಎರಡೂ ಪಕ್ಕ ಅವರೆಕಾಳಿನ ಆಕಾರದ ಎರಡು ಜೀವಕೋಶಗಳಿವೆ. ಅವು ನೀರು ಕುಡಿದು ಉಬ್ಬಿದರೆ ಬಿಲ್ಲಿನಂತೆ ಬಾಗಿ ನಡುವೆ ಸಂದು ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಮಣ್ಣು ಒಣಗುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ರಾಸಾಯನಿಕ ಹೆಚ್ಚುತ್ತದೆ, ಮುಚ್ಚಿ ಅನ್ನುವ ಸುದ್ದಿ ಈ ಕಾವಲುಗಾರರಿಗೆ ಮುಟ್ಟುವುದು ಅದರಿಂದಲೇ. ನೋಡಬೇಕು ಅನ್ನಿಸಿದರೆ ಎಲೆಯ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಮಕ್ಕಳ ಶಾಲೆಯ ಮೈಕ್ರೋಸ್ಕೋಪಿನಲ್ಲಿಡಿ. ಸಾಲು ಸಾಲು ಪುಟ್ಟ ತುಟಿಗಳು ಕಾಣುತ್ತವೆ. ನನ್ನ ಮಗಳು ತೋರಿಸಿದಾಗ ನಾನು ಅರ್ಧ ಗಂಟೆ ಮೇಲೇಳಲಿಲ್ಲ.

ಇಷ್ಟೆಲ್ಲ ಆದಮೇಲೂ ಬಾಗಿಲೊಂದನ್ನೇ ನಂಬಿಕೊಂಡು ಕೂರುವ ಮರ ಕಡಿಮೆ. ಹುಣಸೆ, ಜಾಲಿ, ಗುಲ್‌ಮೊಹರ್ ಎಲೆಯನ್ನೇ ಚೂರು ಚೂರು ಮಾಡಿಕೊಂಡಿವೆ, ಸಣ್ಣ ಚೂರಿನ ಬಿಸಿಯನ್ನು ಗಾಳಿ ಬೇಗ ಒಯ್ಯುತ್ತದೆ. ನೀಲಗಿರಿ ಎಲೆಯನ್ನು ಲಂಬವಾಗಿ ತೂಗುಬಿಡುತ್ತದೆ, ನಡುಮಧ್ಯಾಹ್ನದ ಸೂರ್ಯನಿಗೆ ಅಂಚನ್ನಷ್ಟೇ ತೋರಿಸುತ್ತದೆ. ನನಗೆ ತುಂಬ ಇಷ್ಟವಾದದ್ದು ಕಣಗಿಲೆ. ಅದು ಮರ ಅನ್ನುವಷ್ಟು ದೊಡ್ಡದಲ್ಲ ನಿಜ, ಆದರೆ ಹೆದ್ದಾರಿಯ ಡಿವೈಡರ್ ಮೇಲೆ ಎರಡೂ ಕಡೆ ಡಾಂಬರು ಕುದಿಯುವಾಗ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಹೇಗೆ? ಅದರ ಎಲೆಯ ಹಿಂಬದಿಯಲ್ಲಿ ಪುಟ್ಟ ಪುಟ್ಟ ಗುಂಡಿಗಳಿವೆ. ತೂತುಗಳು ಇರುವುದು ಆ ಗುಂಡಿಯೊಳಗೆ, ಗುಂಡಿಯ ತುಂಬ ನವಿರು ಕೂದಲು. ಒಣಗಾಳಿ ಬೀಸಿದರೂ ಗುಂಡಿಯೊಳಗಿನ ತೇವ ಅಲ್ಲೇ ಉಳಿಯುತ್ತದೆ.

ಮಾವಿನ ಚಿಗುರು ಕೆಂಪಗಿರುವುದು ಚೆಂದಕ್ಕಲ್ಲ. ಎಳೆ ಎಲೆಗೆ ಇನ್ನೂ ಮೇಣದ ಹೊದಿಕೆ ಗಟ್ಟಿಯಾಗಿರುವುದಿಲ್ಲ, ಬಿಸಿಲನ್ನು ಪೂರ್ತಿ ಬಳಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಆ ಕೆಂಪು ಬಣ್ಣ ಹೆಚ್ಚಿನ ಬೆಳಕನ್ನು ತಡೆಯುತ್ತದೆ. ಅದಕ್ಕೇ ಅವು ಜೋತುಬಿದ್ದಿರುವುದೂ ಕೂಡ. ಒಂದೇ ಮರದಲ್ಲಿ ನೆತ್ತಿಯ ಎಲೆ ಚಿಕ್ಕದು, ದಪ್ಪ. ಒಳಗಿನ ನೆರಳಿನ ಎಲೆ ಅಗಲ, ತೆಳು. ಕಿತ್ತು ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮರದ್ದು ಅನ್ನುತ್ತೀರಿ.

ಇನ್ನು ಎಲೆ ಉದುರುವುದು. ಇದನ್ನು ನಾವು ತೀರಾ ತಪ್ಪು ತಿಳಿದಿದ್ದೇವೆ. ಮರ ಎಲೆಯನ್ನು ಹಾಗೇ ಬೀಳಿಸುವುದಿಲ್ಲ. ಮೊದಲು ಅದರಲ್ಲಿರುವ ಸಾರಜನಕ, ರಂಜಕವನ್ನು ಆದಷ್ಟು ಕಾಂಡಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಹೋಗಿ ಹಳದಿಯಾಗುವುದು ಆಗಲೇ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಸಡಿಲವಾಗುತ್ತದೆ, ಅದರ ಕೆಳಗೆ ಗಾಯ ಮುಚ್ಚುವ ಇನ್ನೊಂದು ಪದರ ಬೆಳೆಯುತ್ತದೆ. ಎಲ್ಲ ಮುಗಿದ ಮೇಲೆ ಎಲೆ ಕಳಚುತ್ತದೆ. ಸಾಗುವಾನಿ, ಮುತ್ತುಗ, ಕಕ್ಕೆ ಎಲ್ಲ ಮಾಡುವುದು ಇದನ್ನೇ. ಆದರೆ ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗಿ ನಡುವೆ ಇನ್ನೂ ಹಸಿರಿದ್ದರೆ ಅದು ಬೇರೆ, ಅಲ್ಲಿ ಮರಕ್ಕೆ ಕಷ್ಟವಾಗಿರಬಹುದು. ನೀರು ಕೊನೆಗೆ ತಲುಪುವುದು ಅಂಚಿಗೆ, ಮೊದಲು ಸುಡುವುದೂ ಅಂಚೇ. ಬುಡದವರೆಗೂ ಪೇವರ್ ಬ್ಲಾಕ್ ಹಾಕಿದ ಮರಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕನಿಷ್ಠ ಮೂರಡಿ ಮಣ್ಣು ಬಿಡಿ, ಸುತ್ತಲೂ.

ಈ ಫೆಬ್ರುವರಿಯಲ್ಲಿ ನಮ್ಮ ಪಾರ್ಕಿಂಗ್ ಹಿಂದಿನ ಬಾಗೆ ಮರ ಬೋಳಾಯಿತು. ಮರಾಠಿಯಲ್ಲಿ ಶಿರೀಷ. ಒಣಕಾಯಿ ಗಾಳಿಗೆ ಗಲಗಲ ಅನ್ನುತ್ತಿತ್ತು. ತೋಟದ ಕೆಲಸಕ್ಕೆ ಬರುವವರು ವಿಜಯಪುರದ ಕಡೆಯವರು, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ. "ಅಕ್ಕಾರ, ಈ ಗಿಡಾ ಸತ್ತೈತೇನ್ರಿ? ಕಡೀರಿ ಅನ್ನಾಕತ್ತಾರ" ಅಂದರು. ಕೈಗೆ ಸಿಕ್ಕ ಒಂದು ಎಳೆ ಟೊಂಗೆಯನ್ನು ಉಗುರಿನಿಂದ ಕೆರೆದೆ. ಮೇಲಿನ ಬೂದು ಸಿಪ್ಪೆಯ ಕೆಳಗೆ ಎಳೆ ಹಸಿರು, ತೇವ. ಅವರೂ ಇನ್ನೊಂದು ಟೊಂಗೆ ಕೆರೆದು ನೋಡಿದರು. "ಜೀವಂತ ಐತ್ರಿ!" ಅಂದವರೇ, ಸುಡಲು ಗುಡ್ಡೆ ಹಾಕಿದ್ದ ತರಗೆಲೆಯನ್ನು ಬುಟ್ಟಿಯಲ್ಲಿ ತಂದು ಬುಡದ ಸುತ್ತ ಹರಡಿ, ಮೇಲೆ ನಾಲ್ಕು ಕೊಡ ನೀರು ಹಾಕಿದರು.

ಏಪ್ರಿಲ್ ಬಂದಿದೆ. ಟೊಂಗೆಯ ತುದಿಗಳಲ್ಲಿ ಚಿಗುರು ಒಡೆದಿದೆ. ನಮಸ್ಕಾರ.